ಎಚ್‌ಎಕ್ಸ್ ಸ್ಟಾಂಪ್ 3.0 ಅಪ್‌ಡೇಟ್: ಆ ಮೆಸೇಜ್ ಅರ್ಧ ಮಾತ್ರ ನಿಜ

ಗಿಟಾರ್ ಗ್ರೂಪ್‌ಗಳಲ್ಲಿ ಒಂದು ಮೆಸೇಜ್ ಇನ್ನೂ ಸುತ್ತುತ್ತಾ ಇದೆ, ಲೈನ್ 6 ಕಂಪನಿಯ ಎಚ್‌ಎಕ್ಸ್ ಸ್ಟಾಂಪ್‌ಗೆ (ಗಿಟಾರ್ ಎಫೆಕ್ಟ್‌ಗಳ ಪುಟ್ಟ ಪೆಡಲ್) 3.0 ಫರ್ಮ್‌ವೇರ್, ಅಂದ್ರೆ ಒಳಗಿನ ಸಾಫ್ಟ್‌ವೇರ್, ಹಾಕಿದ್ರೆ ಪವರ್ ಜಾಸ್ತಿ ಆಗುತ್ತೆ, ಯಾವ 8 ಎಫೆಕ್ಟ್ ಬೇಕಾದ್ರೂ ಒಟ್ಟಿಗೆ ಹಾಕ್ಬೋದು, ಯುಎಸ್‌ಬಿ ಮಿಡಿ ಪೆಡಲ್ (ಕಾಲಲ್ಲಿ ಒತ್ತಿ ಬೇರೆ ಉಪಕರಣಕ್ಕೆ ಆದೇಶ ಕಳಿಸೋದು) ಇದ್ರೆ ಡೈರೆಕ್ಟ್ ಚುಚ್ಚಿದ್ರೆ ಸಾಕು ಅಂತ.

2020ರಲ್ಲಿ ಬಂದ 3.0ನಲ್ಲಿ ಬ್ಲಾಕ್‌ಗಳ (ಒಂದೊಂದು ಎಫೆಕ್ಟ್ ಕೂರೋ ಜಾಗ) ಮಿತಿ 6ರಿಂದ 8ಕ್ಕೆ ಏರಿದ್ದು ಖಂಡಿತ ನಿಜ. ಆದ್ರೆ ಒಳಗಿರೋ ಡಿಎಸ್‌ಪಿ ಚಿಪ್ (ಸೌಂಡ್ ಲೆಕ್ಕ ಎಲ್ಲಾ ಮಾಡೋ ಚಿಪ್) ಹಳೇದೇ ಅಲ್ವಾ, ಅಪ್‌ಡೇಟ್ ಮಾಡಿದ್ರೆ ಅದೇನು ಬದಲಾಗಲ್ಲ. ಒಂದು ಆಂಪ್, ಒಂದು ಕ್ಯಾಬ್ (ಸ್ಪೀಕರ್ ಪೆಟ್ಟಿಗೆ), ಒಂದು ಭಾರಿ ರಿವರ್ಬ್ ಹಾಕಿ, ಆಮೇಲೆ ಅದೇ 3.0ನಲ್ಲಿ ಬಂದ ಪಾಲಿ ಕ್ಯಾಪೊ (ಇಡೀ ಕಾರ್ಡ್‌ನ ಶ್ರುತಿ ಏರಿಸಿ ಇಳಿಸೋ ಎಫೆಕ್ಟ್) ಹಾಕೋಕೆ ಹೋಗಿ ನೋಡಿ, ಖಾಲಿ ಬ್ಲಾಕ್ ಇದ್ರೂ ಲಿಸ್ಟ್‌ನಲ್ಲಿ ಅದು ಮಂಕಾಗಿ ಕಾಣ್ಬೋದು, ಸೆಲೆಕ್ಟ್ ಆಗಲ್ಲ. ಪಾಲಿ ಎಫೆಕ್ಟ್‌ಗಳು ಸಿಕ್ಕಾಪಟ್ಟೆ ಡಿಎಸ್‌ಪಿ ತಿಂತವೆ. ಸಣ್ಣ ಪುಟ್ಟ ಡ್ರೈವ್, ಇಕ್ಯೂ ಆದ್ರೆ 8 ಆರಾಮಾಗಿ ಹಿಡಿಸುತ್ತೆ.

ಯುಎಸ್‌ಬಿ ಮಾತಂತೂ ಪೂರ್ತಿ ತಪ್ಪು. ಸ್ಟಾಂಪ್‌ನ ಯುಎಸ್‌ಬಿ ಕಂಪ್ಯೂಟರ್‌ಗೆ ಕನೆಕ್ಟ್ ಮಾಡೋಕೆ ಇರೋದು, ಅದು ಹೋಸ್ಟ್ ಅಲ್ಲ, ಅಂದ್ರೆ ಕಂಪ್ಯೂಟರ್ ಥರ ಬೇರೆ ಯುಎಸ್‌ಬಿ ಸಾಧನಗಳನ್ನ ತಾನೇ ನಡೆಸೋಕಾಗಲ್ಲ. ಬರೀ ಯುಎಸ್‌ಬಿ ಇರೋ ಫುಟ್ ಕಂಟ್ರೋಲರ್ ಆದ್ರೆ ಮಧ್ಯದಲ್ಲಿ ಹೋಸ್ಟ್ ಬಾಕ್ಸ್ ಬೇಕು, ಇಲ್ಲಾಂದ್ರೆ 5 ಪಿನ್ ಮಿಡಿ ಔಟ್ ಇರೋದನ್ನೇ ತಗೊಳ್ಳಿ (ಹೊಸದಾಗಿ ಕೊಳ್ಳೋರಿಗೆ ಇದೇ ನೆಮ್ಮದಿ). ಆ ಪೆಡಲ್‌ನಿಂದ ಸಿಸಿ 69ಗೆ (ಸಿಸಿ ಅಂದ್ರೆ ನಂಬರ್ ಇರೋ ಮಿಡಿ ಆದೇಶ) 0, 1, 2 ಕಳಿಸಿದ್ರೆ ಮೂರು ಸ್ನ್ಯಾಪ್‌ಶಾಟ್ (ಒಂದೇ ಪ್ರಿಸೆಟ್‌ನೊಳಗೆ ಉಳಿಸಿಟ್ಟ ಸೆಟ್ಟಿಂಗ್‌ಗಳು) ಬದಲಾಗ್ತವೆ, ಸಿಸಿ 68 ಟ್ಯೂನರ್‌ಗೆ.

ಇನ್ನೂ ಹಳೇ ವರ್ಷನ್‌ನಲ್ಲೇ ಇರೋರು ಎಚ್‌ಎಕ್ಸ್ ಎಡಿಟ್‌ನಲ್ಲಿ (ಲೈನ್ 6ನ ಕಂಪ್ಯೂಟರ್ ಆಪ್) ಬ್ಯಾಕಪ್ ತಗೊಂಡೇ ಅಪ್‌ಡೇಟ್ ಮಾಡಿ, ಮಧ್ಯದಲ್ಲಿ ಕೇಬಲ್ ಮಾತ್ರ ಕೀಳ್ಬೇಡಿ.