ಲಾವೋಸಿನಲ್ಲಿ ಹಾಕಿಸಿಕೊಂಡ ನಾಮ

ಲಾವೋ ಭಾಷೆಯಲ್ಲಿ ನೀರಿಗೆ ‘ನಾಮ್’ ಅನ್ನುತ್ತಾರೆ. ಹೊಸ ವರ್ಷಕ್ಕೆ ‘ಪಿ ಮೈ’. ಪಿ ಅಂದರೆ ವರ್ಷ, ಮೈ ಅಂದರೆ ಹೊಸದು. ಏಪ್ರಿಲ್ ನಡುವಿನಲ್ಲಿ ಆ ದೇಶಕ್ಕೆ ಹೋದರೆ ಮೈಗೆ ನಾಮ ಗ್ಯಾರಂಟಿ ಅಂತ ಕನ್ನಡ ಬಲ್ಲವನಿಗೆ ಅಷ್ಟರಲ್ಲೇ ಹೊಳೆಯಬೇಕಿತ್ತು. ನನಗೆ ಹೊಳೆಯಲಿಲ್ಲ. ನನ್ನ ಭಾವನಿಗೂ ಹೊಳೆಯಲಿಲ್ಲ.

ಭಾವ ಬ್ಯಾಂಕಿನಲ್ಲಿ 33 ವರ್ಷ ಕ್ಯಾಷಿಯರ್ ಆಗಿದ್ದು ರಿಟೈರ್ ಆದವರು. ಜೇಬಿನಲ್ಲಿ ಯಾವಾಗಲೂ ಒಂದು ಸಣ್ಣ ಲೆಕ್ಕದ ಪುಸ್ತಕ. ಲಾವೋಸಿನ ಲುವಾಂಗ್ ಪ್ರಬಾಂಗ್ ಪಟ್ಟಣದ ಎಟಿಎಂನಿಂದ 20 ಲಕ್ಷ ಕಿಪ್ ಹೊರಗೆ ಬಂದಾಗ ಅವರ ಮುಖದಲ್ಲಿ ಕಂಡ ಕಳೆ ನನ್ನ ಅಕ್ಕನಿಗೆ ತಾಳಿ ಕಟ್ಟುವಾಗಲೂ ಕಂಡಿರಲಿಲ್ಲ. ನಮ್ಮ ದುಡ್ಡಿನಲ್ಲಿ ಅದು ಸುಮಾರು 8 ಸಾವಿರ ರೂಪಾಯಿ. ಅದನ್ನು ನಾನು ಹೇಳಲು ಹೋಗಲಿಲ್ಲ. ಅವರಿಗೆ ಗೊತ್ತಿರಲಿಲ್ಲ ಅಂತಲ್ಲ, ಒಂದು ದಿನವಾದರೂ ಲಕ್ಷಾಧಿಪತಿಯಾಗಿ ಇರಲಿ ಅಂತ.

ಅಲ್ಲಿ ಹಬ್ಬ ಮೂರು ದಿನ, ಏಪ್ರಿಲ್ 14ರಿಂದ 16ರವರೆಗೆ. ದಾರಿಯಲ್ಲಿ ಸಿಕ್ಕವರಿಗೆಲ್ಲಾ ನೀರು ಎರಚುವುದೇ ಹಬ್ಬದ ಸಂಭ್ರಮ. ಮೊದಲ ದಿನ ಹಳೆ ವರ್ಷಕ್ಕೆ ಕೊನೆ, ಮೂರನೆಯ ದಿನ ಹೊಸ ವರ್ಷ. ನಡುವಿನ ದಿನ ಎರಡಕ್ಕೂ ಸೇರಿದ್ದಲ್ಲ. ಅದರ ಹೆಸರು ಸಂಖಾನ್ ನಾವ್. ಸಂಖಾನ್ ಅಂದರೆ ಬೇರೇನಲ್ಲ, ನಮ್ಮ ಸಂಕ್ರಾಂತಿಯೇ. ಊರಲ್ಲಿ ಅದೇ ಹೊತ್ತಿಗೆ ಬಿಸು ಪರ್ಬ, ನಮ್ಮ ತುಳುನಾಡಿನ ಹೊಸ ವರ್ಷ. ಆ ಬೆಳಿಗ್ಗೆ ಎದ್ದು ಮೊದಲು ನೋಡಬೇಕಾದದ್ದು ಕಣಿ. ಅಮ್ಮ ಫೋನಿನಲ್ಲಿ “ಕಣಿ ನೋಡಿದಿಯಾ?” ಅಂತ ಕೇಳಿದರು. ಬೆಳಿಗ್ಗೆ ಎದ್ದು ಮೊದಲು ನೋಡಿದ್ದು ಭಾವನ ಮುಖ ಅಂತ ಹೇಳಲಿಲ್ಲ.

ಮೊದಲ ದಿನ ಚೆನ್ನಾಗಿಯೇ ಕಳೆಯಿತು. ಮೆಕಾಂಗ್ ನದಿಯ ಆಚೆ ದಡದ ಮರಳಿನಲ್ಲಿ ಜನ ಮನೆಮಂದಿಯೆಲ್ಲಾ ಕೂತು ಸ್ತೂಪ ಕಟ್ಟಿ, ಮೇಲೆ ಬಣ್ಣದ ಕಾಗದದ ಬಾವುಟ ಸಿಕ್ಕಿಸುತ್ತಿದ್ದರು. ನಾವೂ ಕೂತೆವು. ಭಾವ ಮುಷ್ಟಿಯಲ್ಲಿ ಮರಳು ಹಿಡಿದು ನೋಡಿ, “ಇಷ್ಟು ಒಳ್ಳೆ ಹೊಯ್ಗೆ ಮಾರಾಯ, ನಮ್ಮಲ್ಲಿ ಆಗಿದ್ದರೆ ಲಾರಿ ನಿಲ್ಲುತ್ತಿತ್ತು” ಅಂದರು. ಆಮೇಲೆ ಅವರೂ ಒಂದು ಸ್ತೂಪ ಮಾಡಿದರು. ಅದು ಥೇಟ್ ಅನ್‌ಲೋಡ್ ಮಾಡಿದ ಲೋಡಿನ ಹಾಗೇ ಇತ್ತು.

ಎಡವಟ್ಟಾಗಿದ್ದು ಎರಡನೆಯ ದಿನ. ಹಳ್ಳಿ ಕಡೆ ನೋಡೋಣ ಅಂತ 140 ಕಿಲೋಮೀಟರ್ ದೂರದ ನೋಂಗ್ ಖಿಯಾವ್‌ಗೆ ಹೊರಟೆವು. ಹಬ್ಬದ ದಿನ ವ್ಯಾನ್ ಸಿಗಲಿಲ್ಲ, ಸೋಂಗ್‌ತೇವ್ ಸಿಕ್ಕಿತು. ಹಾಗೆಂದರೆ ಎರಡು ಸಾಲು. ಪಿಕಪ್ ಗಾಡಿಯ ಹಿಂದೆ ಎದುರುಬದುರು ಎರಡು ಬೆಂಚು, ಮೇಲೊಂದು ತಗಡು. ಪಕ್ಕದಲ್ಲಿ ಗೋಡೆ ಇಲ್ಲ, ಕಿಟಕಿ ಇಲ್ಲ, ನಾಚಿಕೆಯೂ ಇಲ್ಲ.

ನಮಗೆ ಮಾತ್ರ ಧೈರ್ಯವಿತ್ತು. ಭಾವ ಪುತ್ತೂರಿನಿಂದಲೇ ಕೊಡೆ ತಂದಿದ್ದರು. ಆಟಿ ತಿಂಗಳ ಮಳೆ ತಡೆದ ಮರದ ಹಿಡಿಯ ಕೊಡೆ. ದುಡ್ಡು, ಪಾಸ್‌ಪೋರ್ಟ್ ಎರಡನ್ನೂ ಪ್ಲಾಸ್ಟಿಕ್ ತೊಟ್ಟೆಗೆ ಹಾಕಿ, ಬಾಯಿ ಮಡಚಿ, ಸೊಂಟದ ಹಿಂದೆ ಪ್ಯಾಂಟಿಗೆ ಸಿಕ್ಕಿಸಿದ್ದರು. “ಎರಚುವವರು ಮುಂದಿನಿಂದ ಎರಚುತ್ತಾರೆ. ಹಿಂದೆ ಸೇಫ್” ಅನ್ನುವುದು ಅವರ ಲೆಕ್ಕ.

ಮೊದಲ ಹಳ್ಳಿ ಬಂತು. ರಸ್ತೆ ಬದಿಯಲ್ಲಿ ಡ್ರಮ್ಮು, ಅದರ ಸುತ್ತ ಹತ್ತು ಹನ್ನೆರಡು ಮಕ್ಕಳು, ಕೈಯಲ್ಲಿ ಬಕೆಟ್ಟು. ಭಾವ ಕೊಡೆ ಬಿಚ್ಚಿದರು. ಅದೇ ತಪ್ಪಾಯಿತು. ಅಲ್ಲಿಯವರೆಗೆ ಯಾರಿಗೆ ಹಾಕುವುದು ಅಂತ ಮಕ್ಕಳಿಗೆ ಗೊಂದಲ ಇತ್ತು. ಕೊಡೆ ಕಂಡಾಗ ಗುರಿ ಸಿಕ್ಕಿತು. ಎರಡನೆಯ ಹಳ್ಳಿಯಲ್ಲಿ ಕೊಡೆ ಉಲ್ಟಾ ಆಗಿ ಬೋಗುಣಿಯಾಯಿತು. ಅದರಲ್ಲಿ ತುಂಬಿದ ನೀರನ್ನು ಎದುರು ಕೂತಿದ್ದ ಹೆಂಗಸೊಬ್ಬರು ಮೊಗೆದು ನನ್ನ ತಲೆಗೆ ಹೊಯ್ದರು. ನಮ್ಮ ಕೊಡೆ, ಅವರ ನೀರು, ನನ್ನ ತಲೆ. ಗಾಡಿ ತುಂಬಾ ನಗು.

ಆಗ ನಾನು ನನ್ನ ಲಾವೋ ಜ್ಞಾನ ತೆಗೆದೆ. ಬೋ ಅಂದರೆ ಇಲ್ಲ, ನಾಮ್ ಅಂದರೆ ನೀರು. ಮೂರನೆಯ ಹಳ್ಳಿ ಬರುವಾಗ ಎರಡೂ ಕೈ ಎತ್ತಿ “ಬೋ ನಾಮ್! ಬೋ ನಾಮ್!” ಅಂತ ಕೂಗಿದೆ. ಮಕ್ಕಳು ಒಂದು ಕ್ಷಣ ನಿಂತರು. ಆಮೇಲೆ ಕೇಕೆ ಹಾಕಿ ಡ್ರಮ್ಮನ್ನೇ ಬಗ್ಗಿಸಿದರು. ‘ಬೋ’ ಅಂದರೆ ಬಾವಿ, ಗಣಿ ಅನ್ನುವ ಅರ್ಥವೂ ಇದೆ ಅಂತ ಸಂಜೆ ಗೊತ್ತಾಯಿತು. ‘ಬೇಡ’ ಅನ್ನಲು ನಡುವೆ ‘ಆವ್’ ಸೇರಿಸಿ ‘ಬೋ ಆವ್ ನಾಮ್’ ಅನ್ನಬೇಕಿತ್ತು. ನಾನು ಗಾಡಿಯಲ್ಲಿ ನಿಂತು “ಬಾವಿ! ನೀರಿನ ಬಾವಿ!” ಅಂತ ನನ್ನನ್ನೇ ಪರಿಚಯ ಮಾಡಿಕೊಂಡಿದ್ದೆ.

ಆದರೆ ಬಕೆಟ್ ನೀರಿನ ಬಗ್ಗೆ ನನ್ನ ದೂರಿಲ್ಲ. ಅದು ಬರುತ್ತದೆ, ಹೋಗುತ್ತದೆ, ಬೈಯಬಹುದು. ನಿಜವಾದ ಅಪಾಯ ಮರ್ಯಾದೆಯ ನೀರಿನದು.

ಪಾಕ್ ಮೋಂಗ್ ದಾಟಿ ಎಲ್ಲೋ ಗಾಡಿ ನಿಂತಿತು. ಅಜ್ಜಿಯೊಬ್ಬರು ಬಂದರು. ಕೈಯಲ್ಲಿ ಬೆಳ್ಳಿ ಬಟ್ಟಲು. ನೀರಿನ ಮೇಲೆ ಕಕ್ಕೆ ಹೂವಿನ ಹಳದಿ ಎಸಳು, ಜೊತೆಗೆ ಒಂದೆರಡು ದೇವಕಣಗಿಲೆ. ಅದಕ್ಕೆ ಅಲ್ಲಿ ಚಂಪಾ ಅನ್ನುತ್ತಾರೆ. ನಮ್ಮ ಸಂಪಿಗೆಯ ಹೆಸರು ದೇಶಾಂತರ ಹೋಗಿ ಬೇರೆ ಹೂವಿಗೆ ಅಂಟಿಕೊಂಡಿದೆ. ಅಜ್ಜಿ ಮಂತ್ರದ ಹಾಗೆ ಏನೋ ಹೇಳುತ್ತಾ ಭಾವನ ಮುಂದೆ ನಿಂತರು. ಹಿರಿಯರು ಹರಸಲು ಬಂದಾಗ ಓಡಲಾಗುತ್ತದಾ? ಭಾವ ಕೈ ಮುಗಿದು ಬಗ್ಗಿದರು. ಅಜ್ಜಿ ಕಾಲರ್ ಸ್ವಲ್ಪ ಎತ್ತಿ, “ಸೋಕ್ ದೀ ಪಿ ಮೈ” ಅಂದು ನಿಧಾನಕ್ಕೆ ಸುರಿದರು. ನೀರು ಬೆನ್ನುಮೂಳೆಯ ಗಂಟುಗಳನ್ನು ಕ್ಯಾಷಿಯರ್ ನೋಟು ಎಣಿಸುವ ಹಾಗೆ ಒಂದೊಂದಾಗಿ ಎಣಿಸುತ್ತಾ ಇಳಿಯಿತು. ಇಳಿದು ನೇರ ಸೊಂಟಕ್ಕೆ ಬಂತು.

ಲುವಾಂಗ್ ಪ್ರಬಾಂಗಿನಲ್ಲಿ ಪ್ರಬಾಂಗ್ ಅನ್ನುವ ಬುದ್ಧನ ಮೂರ್ತಿ ಇದೆ, 83 ಸೆಂಟಿಮೀಟರ್ ಎತ್ತರ. ಹೊಸ ವರ್ಷಕ್ಕೆ ಅದನ್ನು ವಾಟ್ ಮೈ ದೇವಾಲಯಕ್ಕೆ ತಂದು ಅಭಿಷೇಕ ಮಾಡುತ್ತಾರೆ. ಮೂರ್ತಿಗೆ ಯಾರೂ ನೇರ ಸುರಿಯುವುದಿಲ್ಲ. ನಮ್ಮ ತೋಟದ ಅಡಿಕೆ ದಂಬೆಯ ಹಾಗಿರುವ, ನಾಗನ ಆಕಾರದ ಮರದ ದಂಬೆಗೆ ಸುರಿದರೆ ಅಲ್ಲಿಂದ ಹರಿದು ಬೀಳುತ್ತದೆ. ಭಾವನಿಗೆ ದಂಬೆ ಇರಲಿಲ್ಲ. ಭಾವನ ಬೆನ್ನೇ ದಂಬೆ.

ಈ ಹಬ್ಬಕ್ಕೊಂದು ಕಥೆಯಿದೆ. ನಾಲ್ಕು ಮುಖದ ಕಬಿನ್ಲಫೋಮ್, ಅಂದರೆ ಕಪಿಲ ಬ್ರಹ್ಮ, ಒಬ್ಬ ಜಾಣ ಹುಡುಗನಿಗೆ ಒಗಟು ಹಾಕಿದ. ಮನುಷ್ಯನ ಶ್ರೀ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಎಲ್ಲೆಲ್ಲಿ ಇರುತ್ತದೆ? ಸೋತವರ ತಲೆ ಹೋಗಬೇಕು. ಬೆಳಿಗ್ಗೆ ಮುಖದಲ್ಲಿ, ಅದಕ್ಕೇ ಮುಖ ತೊಳೆಯುವುದು. ಮಧ್ಯಾಹ್ನ ಎದೆಯಲ್ಲಿ, ಸಂಜೆ ಕಾಲಿನಲ್ಲಿ. ಹುಡುಗ ಗೆದ್ದ, ಬ್ರಹ್ಮನ ತಲೆ ಹೋಯಿತು. ಆ ತಲೆಯನ್ನು ಏಳು ಹೆಣ್ಣುಮಕ್ಕಳು ಕಾಯುತ್ತಾರೆ, ವರ್ಷಕ್ಕೊಮ್ಮೆ ಮೆರವಣಿಗೆ. ನಮ್ಮ ಮುಖ, ಎದೆ, ಕಾಲು ಮೂರೂ ಮಧ್ಯಾಹ್ನ 12ರೊಳಗೇ ತೊಳೆದು ಮುಗಿದಿದ್ದವು.

ನೋಂಗ್ ಖಿಯಾವ್ ಮುಟ್ಟಿ, ರೂಮಿನಲ್ಲಿ ತೊಟ್ಟೆ ಬಿಚ್ಚಿದೆವು. ಪ್ಲಾಸ್ಟಿಕ್ ತನ್ನ ಕೆಲಸ ಸರಿಯಾಗಿಯೇ ಮಾಡಿತ್ತು. ಒಳಗೆ ಹೋದ ನೀರು ಒಂದು ತೊಟ್ಟೂ ಹೊರಗೆ ಬಂದಿರಲಿಲ್ಲ. ನೋಟುಗಳ ನಡುವೆ ಕಕ್ಕೆ ಎಸಳು ತೇಲುತ್ತಿತ್ತು.

ಜಗಲಿಯಲ್ಲಿ ಹಗ್ಗ ಕಟ್ಟಿ, ಬೈರಾಸಿನ ಪಕ್ಕ ನೋಟು ಒಣಗಿಸಿದೆವು. ಹಗ್ಗ ಸಾಲದೆ, ಉಳಿದದ್ದನ್ನು ಮುರಿದ ಕೊಡೆಯ ಮೇಲೆ ಹರಡಿದೆವು. ಭಾವ ಕುರ್ಚಿ ಹಾಕಿ ಕಾವಲು ಕೂತರು. ಗಾಳಿ ಬಂದಾಗಲೆಲ್ಲಾ ಏಳುತ್ತಿದ್ದರು.

ಸಂಜೆ ನಾವು ಇಳಿದುಕೊಂಡಿದ್ದ ಮನೆಯವರು ಬಾಸಿ ಶಾಸ್ತ್ರಕ್ಕೆ ಕರೆದರು. ಬಾಳೆ ಎಲೆ, ಚೆಂಡುಹೂವಿನ ಗೋಪುರದ ಸುತ್ತ ಕೂತು, ಮೈಯ 32 ಖ್ವನ್‌ಗಳನ್ನು ವಾಪಸ್ ಕರೆದು, ಮಣಿಕಟ್ಟಿಗೆ ಬಿಳಿ ದಾರ ಕಟ್ಟುತ್ತಾರೆ. ಖ್ವನ್ ಅಂದರೆ ಮೈಯ ಒಂದೊಂದು ಭಾಗವನ್ನು ಕಾಯುವ ಚೇತನ. ಅವು ಆಗಾಗ ಬಿಟ್ಟು ತಿರುಗಾಡಲು ಹೋಗುತ್ತವಂತೆ. “ಮೊಣಕಾಲಿನದ್ದು ಹೋಗಿ ಐದು ವರ್ಷ ಆಯಿತು ಅಂತ ಹೇಳು” ಅಂದರು ಭಾವ. ಊಟಕ್ಕೆ ಲಾಪ್ ಬಂತು. ಮಾಂಸದ ಅಡುಗೆ, ನಮಗಾಗಿ ಅಣಬೆಯಲ್ಲಿ ಮಾಡಿದ್ದರು. ಆ ಶಬ್ದಕ್ಕೆ ಅದೃಷ್ಟ ಅನ್ನುವ ಅರ್ಥವೂ ಇದೆ. ಅದು ನಮ್ಮ ‘ಲಾಭ’ವೇ. ವಿಷಯ ಹೇಳಿದ ಮೇಲೆ ಭಾವ ಎರಡನೇ ಸಲ ಹಾಕಿಸಿಕೊಂಡರು.

ರಾತ್ರಿ ಲೆಕ್ಕ ಹಾಕಿದಾಗ 20 ಸಾವಿರ ಕಿಪ್ ಕಡಿಮೆ. ನಮ್ಮ 80 ರೂಪಾಯಿ. ನಾಲ್ಕು ಸಲ ಎಣಿಸಿದರು. 33 ವರ್ಷದಲ್ಲಿ ಒಂದು ದಿನವೂ ಕ್ಯಾಷ್ ಶಾರ್ಟ್ ಆಗದ ಮನುಷ್ಯ ಹನ್ನೊಂದು ಗಂಟೆಯವರೆಗೂ ಮಾತಾಡಲಿಲ್ಲ. ಕೊನೆಗೆ ಕೇಳಿದರು: “ಈವತ್ತಿನ ದಿನ ಹಳೆ ವರ್ಷದ್ದೂ ಅಲ್ಲ, ಹೊಸದ್ದೂ ಅಲ್ಲ ಅಂದಿಯಲ್ಲಾ?”

“ಹೌದು ಭಾವ.”

“ಹಾಗಾದರೆ ಲೆಕ್ಕ ಬರೆಯುವುದು ಯಾವುದಕ್ಕೆ?” ಪುಸ್ತಕ ಮುಚ್ಚಿ ಮಲಗಿದರು.

ಜೂನ್‌ನಲ್ಲಿ ಮಳೆ ಹಿಡಿದಾಗ ಅಕ್ಕನ ಮನೆಗೆ ಹೋಗಿದ್ದೆ. ಕೊಡೆಯ ಕಡ್ಡಿ ರಿಪೇರಿ ಮಾಡಿಸಿಕೊಂಡು ಬಾ ಅಂತ ಅಕ್ಕ ಕೊಟ್ಟಳು. ಪೇಟೆಯಲ್ಲಿ ಬಿಚ್ಚಿದರೆ ಮಡಿಕೆಯಲ್ಲಿ ಅಂಟಿಕೊಂಡಿದೆ, 20 ಸಾವಿರ ಕಿಪ್. ಪರ್ಸಿನಲ್ಲೇ ಇಟ್ಟುಕೊಂಡಿದ್ದೇನೆ. ಭಾವನಿಗೆ ಇನ್ನೂ ಹೇಳಿಲ್ಲ. ಹೇಳಿದರೆ ಇದನ್ನು ಯಾವ ವರ್ಷಕ್ಕೆ ಜಮಾ ಮಾಡುವುದು ಅಂತ ಕೇಳುತ್ತಾರೆ.