ಬೀಗ ಹಾಕಿಟ್ಟ ಪಿಸ್ತೂಲಿಗೆ ನನ್ನ ಕೈಗೆ ಬೇಡಿ ಯಾಕೆ?

ಪಿಸ್ತೂಲಿನಿಂದ ಗುಂಡು ತೆಗೆದಿದ್ದೆ. ಪಿಸ್ತೂಲು ಒಂದು ಗಟ್ಟಿ ಪೆಟ್ಟಿಗೆಯಲ್ಲಿತ್ತು, ಅದಕ್ಕೆ ಬೀಗ ಇತ್ತು. ಗುಂಡುಗಳು ಬೇರೆ ಪೆಟ್ಟಿಗೆಯಲ್ಲಿ, ಅದಕ್ಕೂ ಬೀಗ. ಎರಡೂ ಡಿಕ್ಕಿಯ ತಳದಲ್ಲಿ, ಸೂಟ್‌ಕೇಸುಗಳ ಕೆಳಗೆ. ಇದಕ್ಕಿಂತ ಜಾಸ್ತಿ ಏನು ಮಾಡಬೇಕಿತ್ತು ನಾನು? ನಿನ್ನೆ ಬೆಳಿಗ್ಗೆಯಿಂದ ಇದೇ ತಲೆಯಲ್ಲಿ ಕೊರೆಯುತ್ತಿದೆ. ರಾತ್ರಿ ಕಣ್ಣು ಮುಚ್ಚಲಿಲ್ಲ. ಎಲ್ಲರೂ ಮಲಗಿದ ಮೇಲೆ ಎದ್ದು ಕೂತು ಬರೆಯುತ್ತಿದ್ದೇನೆ. ಯಾರಿಗಾದರೂ ಹೇಳದಿದ್ದರೆ ಎದೆ ಒಡೆದುಹೋಗುತ್ತದೆ.

ಇಲ್ಲಿ ಅಮೆರಿಕದಲ್ಲಿ, ಪೆನ್ಸಿಲ್ವೇನಿಯಾದ ನಮ್ಮ ಮನೆಯಿಂದ ವರ್ಜೀನಿಯಾಕ್ಕೆ ಹೊರಟಿದ್ದೆವು. ನಡುವೆ ಸಿಗುವ ಮೇರಿಲ್ಯಾಂಡ್ ರಾಜ್ಯದಲ್ಲಿ ಥರ್ಮಾಂಟ್ ಅನ್ನುವ ಊರು ದಾಟಿ ಸ್ವಲ್ಪ ದೂರ ಬಂದಿದ್ದೆವು. ಹಿಂದೆ ಪೊಲೀಸ್ ಗಾಡಿಯ ಕೆಂಪು ನೀಲಿ ಲೈಟು. ಪಕ್ಕಕ್ಕೆ ನಿಲ್ಲಿಸಿದೆ. ಎಡಗಡೆಯ ಬ್ರೇಕ್ ಲೈಟು ಉರಿಯುತ್ತಿಲ್ಲವಂತೆ. ಸರಿ, ಅದಕ್ಕೆ ಚೀಟಿ ಕೊಡಲಿ, ದಂಡ ಕಟ್ಟುತ್ತೇನೆ. ಆದರೆ ಆ ಪೊಲೀಸ್ ನನ್ನ ಡ್ರೈವಿಂಗ್ ಲೈಸೆನ್ಸ್ ನೋಡಿದ, ಪೆನ್ಸಿಲ್ವೇನಿಯಾ ಅಂತ ಓದಿದ, ಬ್ರೇಕ್ ಲೈಟಿನ ಮಾತು ಅಲ್ಲೇ ಬಿಟ್ಟ. ಗಾಡಿಯಲ್ಲಿ ಆಯುಧ ಏನಾದರೂ ಇದೆಯಾ ಅಂತ ಕೇಳಿದ.

ಇದೆ ಅಂದೆ. ಎಲ್ಲಿದೆ, ಹೇಗಿದೆ, ಗನ್ ಲೈಸೆನ್ಸ್ ಇದೆ, ಎಲ್ಲಾ ಹೇಳಿದೆ. ಎರಡೂ ಕೈ ಸ್ಟೀರಿಂಗ್ ಮೇಲೆಯೇ ಇಟ್ಟುಕೊಂಡು ಹೇಳಿದೆ. ಯಾಕೆ ಅಂದರೆ 2016ರಲ್ಲಿ ಮಿನೆಸೋಟಾದಲ್ಲಿ ಪೊಲೀಸ್ ಗಾಡಿ ನಿಲ್ಲಿಸಿದಾಗ ಫಿಲಾಂಡೊ ಕ್ಯಾಸ್ಟಿಲ್ ಅನ್ನುವವನಿಗೆ ಏನಾಯಿತು ಅಂತ ನನಗೆ ಗೊತ್ತು. ಅವನ ಹತ್ತಿರವೂ ಲೈಸೆನ್ಸ್ ಇತ್ತು. ನನ್ನ ಹತ್ತಿರ ಗನ್ ಇದೆ ಸರ್ ಅಂತ ಅವನೂ ಮರ್ಯಾದೆಯಿಂದಲೇ ಹೇಳಿದ್ದ. ಹಿಂದಿನ ಸೀಟಿನಲ್ಲಿ ನಾಲ್ಕು ವರ್ಷದ ಮಗು ಕೂತಿದ್ದಾಗ ಅವನನ್ನು ಗುಂಡು ಹಾರಿಸಿ ಕೊಂದರು. ಹೊಡೆದ ಪೊಲೀಸ್ ಮರುವರ್ಷ ಖುಲಾಸೆಯಾದ. ಇಷ್ಟೆಲ್ಲಾ ಗೊತ್ತಿದ್ದೂ ನಿಜ ಹೇಳಿದೆ. ಸುಳ್ಳು ಹೇಳುವುದು ನನ್ನ ರಕ್ತದಲ್ಲಿ ಇಲ್ಲ.

ಇಳಿ ಅಂದ. ಇಳಿದೆ. ತಿರುಗು ಅಂದ. ತಿರುಗಿದೆ. ಕೈ ಹಿಂದಕ್ಕೆ ಅಂದ. ಅಷ್ಟರಲ್ಲಿ ಬೇಡಿ ಬಿತ್ತು. ಇದು ಬಂಧನ ಅಲ್ಲವಂತೆ, ಇಬ್ಬರ ಸುರಕ್ಷತೆಗಂತೆ.

ಹಿಂದಿನ ಸೀಟಿನಲ್ಲಿ ಅಮ್ಮ ಇದ್ದಳು.

ಅಮ್ಮ ಕೊಪ್ಪದವಳು. ಮಂಡಿ ನೋವು, ಬಿಪಿ, ಇಂಗ್ಲಿಷ್ ಬರುವುದಿಲ್ಲ. ನಮ್ಮ ಭಾಮೈದನ ಹೊಸ ಮನೆ ಗೃಹಪ್ರವೇಶ ಅಂತ ರೇಷ್ಮೆ ಸೀರೆ ಉಟ್ಟುಕೊಂಡು, ತೊಡೆ ಮೇಲೆ ಹೂವಿನ ಬುಟ್ಟಿ ಇಟ್ಟುಕೊಂಡು ಕೂತಿದ್ದಳು. ಅವಳನ್ನೂ ನನ್ನ ಹೆಂಡತಿಯನ್ನೂ ಇಳಿಸಿ ರಸ್ತೆ ಪಕ್ಕದ ಕಬ್ಬಿಣದ ತಡೆಯ ಹತ್ತಿರ ನಿಲ್ಲಿಸಿದರು. ಕೂರುವುದಕ್ಕೆ ಒಂದು ಜಾಗ ಇಲ್ಲ. ಲಾರಿಗಳು ಬುರ್ ಅಂತ ಹೋಗುತ್ತಿವೆ, ಸೀರೆ ಸೆರಗು ಹಾರುತ್ತಿದೆ. ಅಮ್ಮ ನನ್ನ ಕೈಯನ್ನೇ ನೋಡುತ್ತಿದ್ದಾಳೆ. "ಎಂತ ಆಯ್ತೋ? ಎಂತ ಮಾಡಿದ್ಯೋ ನೀನು?" ಏನಿಲ್ಲಮ್ಮ, ಸುಮ್ನೆ ಇರು ಅಂದೆ. ಕನ್ನಡದಲ್ಲಿ ಮಾತಾಡಬೇಡ ಅಂತ ಅವನು ನನ್ನನ್ನು ಗದರಿಸಿದ. ನನ್ನ ಅಮ್ಮನ ಹತ್ತಿರ ನಾನು ಬೇರೆ ಯಾವ ಭಾಷೆಯಲ್ಲಿ ಮಾತಾಡಲಿ?

ಆಮೇಲೆ ಆಗಿದ್ದು ಜೀವ ಇರುವ ತನಕ ಮರೆಯುವುದಿಲ್ಲ. ಅಮ್ಮ ಬುಟ್ಟಿ ಕೆಳಗಿಟ್ಟಳು. ಸೆರಗಿನೊಳಗಿಂದ ಕೈ ಹೊರಗೆ ತೆಗೆದು ಅವನ ಕಡೆ ಎರಡು ಹೆಜ್ಜೆ ಬಂದಳು. ಕೈ ಮುಗಿದಳು. "ಸಾರ್, ಒಳ್ಳೆ ಹುಡುಗ ಸಾರ್" ಅಂತ ಕನ್ನಡದಲ್ಲೇ ಬೇಡಿಕೊಂಡಳು. ಸೆರಗಿನಿಂದ ಕೈ ಬಂದಿದ್ದಷ್ಟೇ ಅವನಿಗೆ ಕಂಡಿದ್ದು. ಹಿಂದೆ ಹೋಗು, ಕೈ ಕಾಣುವ ಹಾಗೆ ಇಡು ಅಂತ ಕಿರುಚಿದ. ಅವನ ಒಂದು ಕೈ ಸೊಂಟಕ್ಕೆ ಹೋಯಿತು. ಅವಳಿಗೆ ಒಂದು ಅಕ್ಷರ ಅರ್ಥವಾಗಲಿಲ್ಲ. ಇನ್ನೂ ಜೋರಾಗಿ ಬೇಡಿಕೊಳ್ಳಬೇಕೇನೋ ಅಂದುಕೊಂಡು ಮುಗಿದ ಕೈ ಇನ್ನೂ ಮೇಲೆ ಎತ್ತಿದಳು. ನನ್ನ ಹೆಂಡತಿ ಓಡಿ ಬಂದು ಅವಳನ್ನು ತಬ್ಬಿ ಹಿಂದಕ್ಕೆ ಎಳೆದುಕೊಂಡಳು. ನಾನು ಬೇಡಿ ಹಾಕಿಸಿಕೊಂಡು ನಿಂತಿದ್ದೆ. ನನ್ನ ಕಣ್ಣ ಮುಂದೆ ನನ್ನ ತಾಯಿ ನನಗಾಗಿ ಕೈ ಮುಗಿದಳು, ಬೈಸಿಕೊಂಡಳು, ನಾನು ಒಂದು ಹೆಜ್ಜೆ ಮುಂದೆ ಇಡುವ ಹಾಗಿರಲಿಲ್ಲ. ಇಟ್ಟಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಿದರೆ ಈಗಲೂ ಮೈ ನಡುಗುತ್ತದೆ.

ಆಮೇಲೆ ಇಡೀ ಗಾಡಿ ಹುಡುಕಿದರು. ಊರಿಂದ ತಂದಿದ್ದ ಹಲಸಿನ ಹಪ್ಪಳದ ಕಟ್ಟು ಬಿಚ್ಚಿದರು. ಅಪ್ಪೆಮಿಡಿ ಉಪ್ಪಿನಕಾಯಿ ಬಾಟಲಿ ಮುಚ್ಚಳ ತೆಗೆದು ಮೂಸಿ ರಸ್ತೆ ಮೇಲಿಟ್ಟರು. ಗೃಹಪ್ರವೇಶಕ್ಕೆ ಅಂತ ತಂದಿದ್ದ ಬೆಳ್ಳಿ ದೀಪ ಹುಲ್ಲಿನ ಮೇಲೆ ಬಿದ್ದಿತ್ತು. ಪಿಸ್ತೂಲಿನ ನಂಬರ್ ರೇಡಿಯೋದಲ್ಲಿ ಹೇಳಿ ಕದ್ದ ಮಾಲೇನೋ ಅಂತ ಕೇಳಿದರು. ಕದ್ದಿದ್ದಲ್ಲ. ಆಗ ಹೊಸ ತಕರಾರು ಶುರುವಾಯಿತು: ನಿನ್ನ ಗಾಡಿಗೆ ಬೇರೆ ಡಿಕ್ಕಿಯೇ ಇಲ್ಲ, ಹಿಂದಿನ ಸೀಟಿನಿಂದ ಕೈ ಚಾಚಿದರೆ ಸಿಗುತ್ತೆ.

ಇದಕ್ಕೂ ಕಾನೂನಿನಲ್ಲಿ ಉತ್ತರ ಇದೆ. 1986ರಲ್ಲಿ, ರೇಗನ್ ಅಧ್ಯಕ್ಷರಾಗಿದ್ದಾಗ ಬಂದ ಫೆಡರಲ್ ಕಾನೂನು ಅದು, ಅಂದರೆ ಇಡೀ ದೇಶಕ್ಕೆ ಅನ್ವಯಿಸುವಂಥದ್ದು. ಗನ್ ಇಟ್ಟುಕೊಂಡು ಓಡಾಡುವುದಕ್ಕೆ ಹೊರಟ ಕಡೆಯೂ ಹಕ್ಕಿರಬೇಕು, ತಲುಪುವ ಕಡೆಯೂ ಹಕ್ಕಿರಬೇಕು. ಗನ್‌ನಲ್ಲಿ ಗುಂಡು ಇರಬಾರದು. ಗನ್ನೂ ಗುಂಡೂ ಕೂತವರ ಕೈಗೆ ಸಿಗಬಾರದು. ಪ್ರತ್ಯೇಕ ಡಿಕ್ಕಿ ಇಲ್ಲದ ಗಾಡಿಯಾದರೆ ಬೀಗ ಹಾಕಿದ ಪೆಟ್ಟಿಗೆಯಲ್ಲಿ ಇರಬೇಕು, ಡ್ಯಾಶ್‌ಬೋರ್ಡಿನ ಖಾನೆ ಆಗುವುದಿಲ್ಲ. ಇಷ್ಟು ಪಾಲಿಸಿದರೆ ನಡುವಿನ ರಾಜ್ಯದ ಕಾನೂನು ಏನೇ ಇರಲಿ, ದಾಟಿ ಹೋಗಬಹುದು. ನಾನು ಪಾಲಿಸಿದ್ದು ಅಕ್ಷರ ಬಿಡದೆ ಇದನ್ನೇ. ಪ್ರಿಂಟ್ ತೆಗೆದು ಗಾಡಿಯಲ್ಲಿ ಇಟ್ಟುಕೊಂಡಿದ್ದೆ. ಓದಿ ಸರ್ ಅಂದರೆ ಅವನು ಕೈಯಲ್ಲೂ ಹಿಡಿಯಲಿಲ್ಲ.

ಲೈಸೆನ್ಸ್ ಸುಮ್ನೆ ಬಂದಿದ್ದಲ್ಲ. ನನ್ನದು ಗ್ಯಾಸ್ ಸ್ಟೇಷನ್, ಅಂದರೆ ಪೆಟ್ರೋಲ್ ಬಂಕ್. ರಾತ್ರಿ ಬಾಗಿಲು ಹಾಕುವ ಹೊತ್ತಿಗೆ ಗಲ್ಲಾಪೆಟ್ಟಿಗೆಯ ದುಡ್ಡಿನ ಜೊತೆ ಒಬ್ಬನೇ ಇರುತ್ತೇನೆ. ಒಂದು ಸಲ ತಲೆಗೆ ಗನ್ ಇಟ್ಟು ದೋಚಿದ್ದಾರೆ. ಅದಾದ ಮೇಲೆ ಕೌಂಟಿ ಶೆರಿಫ್ ಆಫೀಸಿಗೆ ಹೋಗಿ, ಅರ್ಜಿ ಕೊಟ್ಟು, 20 ಡಾಲರ್ ಕಟ್ಟಿ, ಹಿನ್ನೆಲೆ ತಪಾಸಣೆ ಆಗಿ ಬಂದ ಲೈಸೆನ್ಸ್. 5 ವರ್ಷ ನಡೆಯುತ್ತದೆ. ವರ್ಜೀನಿಯಾ 2016ರ ಜುಲೈನಿಂದ ಬೇರೆ ರಾಜ್ಯಗಳ ಲೈಸೆನ್ಸ್ ಒಪ್ಪುತ್ತದೆ. ಅಂದರೆ ಹೊರಟ ಕಡೆ ಸರಿ, ತಲುಪುವ ಕಡೆ ಸರಿ. ನಡುವೆ ಎಮಿಟ್ಸ್‌ಬರ್ಗ್‌ನಿಂದ ಪಾಯಿಂಟ್ ಆಫ್ ರಾಕ್ಸ್ ಸೇತುವೆ ತನಕ, ಹೈವೇ 15ರಲ್ಲಿ ಸುಮಾರು 38 ಮೈಲಿ ಮೇರಿಲ್ಯಾಂಡ್. ಆ ರಾಜ್ಯ ಬೇರೆ ಯಾವ ರಾಜ್ಯದ ಗನ್ ಲೈಸೆನ್ಸನ್ನೂ ಒಪ್ಪುವುದಿಲ್ಲ. ನನ್ನ ಡ್ರೈವಿಂಗ್ ಲೈಸೆನ್ಸ್ ಒಪ್ಪುತ್ತದೆ. ನನ್ನ ಮದುವೆ ಒಪ್ಪುತ್ತದೆ. ಮುಕ್ಕಾಲು ಗಂಟೆಯ ಆ ದಾರಿಯಲ್ಲಿ ನಾನು ಅರ್ಧ ಕಳ್ಳ.

ಗೆಳೆಯನಿಗೆ ಫೋನ್ ಮಾಡಿದರೆ, "ಗನ್ ಯಾಕೆ ಬೇಕಿತ್ತು ಗುರು, ಮನೇಲಿ ಬಿಟ್ಟು ಬರೋದಲ್ವಾ?" ಅಂದ. ಮನೆ ಖಾಲಿ. ನಮ್ಮ ಬೀದಿಯಲ್ಲೇ ಕಳ್ಳತನ ಆಗಿದೆ. ಖಾಲಿ ಮನೆಯಲ್ಲಿ ಗನ್ ಬಿಟ್ಟು ಬಂದು, ಅದು ಕಳುವಾಗಿ, ಅದರಿಂದ ಯಾರದ್ದೋ ಜೀವ ಹೋದರೆ ಆಗ ಇವನೇ ಕೇಳುತ್ತಾನೆ, ಯಾಕೆ ಬಿಟ್ಟು ಬಂದೆ ಅಂತ. ಇನ್ನೊಬ್ಬ ಮೇರಿಲ್ಯಾಂಡ್ ಲೈಸೆನ್ಸೂ ತಗೋ ಅಂದ. ಅದಕ್ಕೆ 16 ಗಂಟೆ ತರಗತಿ ಇದೆ, ಬೆರಳಚ್ಚು ಇದೆ. ಫೆಡರಲ್ ಕಾನೂನು ಆಗಲೇ ಕೊಟ್ಟಿರುವ ಹಕ್ಕಿಗೆ ನಾನು ಯಾಕೆ ಇನ್ನೊಂದು ಅರ್ಜಿ ಹಾಕಲಿ?

ಹಾಕಬೇಕೇನೋ. ಹಾಕಿದರೆ ನೆಮ್ಮದಿ. ರಾತ್ರಿಯೆಲ್ಲಾ ಅದನ್ನೂ ಯೋಚಿಸಿದೆ. ಗನ್ ಮಾರಿಬಿಡೋಣ, ಅಂಗಡಿಯನ್ನು ಸಂಜೆಗೇ ಮುಚ್ಚೋಣ, ಕಷ್ಟವೋ ಸುಖವೋ ಅಂತಾನೂ ಅನ್ನಿಸಿತು. ಮತ್ತೆ ಅಮ್ಮನ ಕೈ ನೆನಪಾಗುತ್ತೆ. ಆಗ ಇಲ್ಲ, ಒಂದು ಇಂಚೂ ಬಿಡಬಾರದು ಅನ್ನಿಸುತ್ತೆ. ನಾನು ಈ ದೇಶದ ಪ್ರಜೆ. ಪ್ರಮಾಣ ಮಾಡಿ ಆದವನು. ಇದು ನನ್ನ ಹಕ್ಕು.

ಹಕ್ಕು ಅಂತ ಹೇಳಿ ಏನು ಪ್ರಯೋಜನ? 2005ರಲ್ಲಿ ಯೂಟಾದ ಒಬ್ಬ ಪ್ರಯಾಣಿಕ ನ್ಯೂಜೆರ್ಸಿಯ ನ್ಯೂವರ್ಕ್ ಏರ್‌ಪೋರ್ಟಿನಲ್ಲಿ ಮುಂದಿನ ವಿಮಾನ ತಪ್ಪಿ ಹೋಟೆಲಿನಲ್ಲಿ ಉಳಿಯಬೇಕಾಯಿತು. ಬ್ಯಾಗು ಅವನ ಕೈಗೇ ಬಂದಿತ್ತು. ಮಾರನೇ ದಿನ ಕೌಂಟರಿನಲ್ಲಿ ಗನ್ ಇದೆ ಅಂತ ತಾನೇ ಹೇಳಿದ, ಜೈಲಿಗೆ ಹೋದ. ಕೇಸು ಕೈಬಿಟ್ಟರು. ಆದರೆ ಅವನು ಪರಿಹಾರ ಕೇಳಿ ಕೋರ್ಟಿಗೆ ಹೋದರೆ, ರಾತ್ರಿ ಬ್ಯಾಗು ನಿನ್ನ ಕೈಗೆ ಸಿಗುವ ಹಾಗಿತ್ತಲ್ಲ, 1986ರ ಆ ಕಾನೂನು ನಿನಗೆ ಅನ್ವಯಿಸುವುದಿಲ್ಲ ಅಂತ 2010ರಲ್ಲಿ ಅಪೀಲು ಕೋರ್ಟು ಹೇಳಿತು. ಫಿಲಡೆಲ್ಫಿಯಾದ ಒಬ್ಬ ತಾಯಿ, ನನ್ನ ಹಾಗೆಯೇ ಪೆನ್ಸಿಲ್ವೇನಿಯಾ ಲೈಸೆನ್ಸ್ ಇದ್ದವಳು, 2013ರಲ್ಲಿ ನ್ಯೂಜೆರ್ಸಿಯಲ್ಲಿ ಟ್ರಾಫಿಕ್ ಪೊಲೀಸ್‌ಗೆ ತಾನಾಗಿಯೇ ಗನ್ ವಿಷಯ ಹೇಳಿದಳು. ಕಮ್ಮಿ ಅಂದರೂ ಮೂರೂವರೆ ವರ್ಷದ ಶಿಕ್ಷೆ ತಲೆ ಮೇಲೆ ತೂಗುತ್ತಿತ್ತು. ಆ ಕೇಸಿನಿಂದ ಪೂರ್ತಿ ಬಿಡುಗಡೆ ಸಿಗಬೇಕಾದರೆ 2015ರಲ್ಲಿ ಅಲ್ಲಿನ ಆಗಿನ ಗವರ್ನರ್ ಕ್ರಿಸ್ಟಿ ಕ್ಷಮಾದಾನ ಕೊಡಬೇಕಾಯಿತು. ಎಲ್ಲಾ ರಾಜ್ಯ ಎಲ್ಲಾ ರಾಜ್ಯದ ಲೈಸೆನ್ಸ್ ಒಪ್ಪಬೇಕು ಅನ್ನುವ ಮಸೂದೆ 2017ರ ಡಿಸೆಂಬರ್‌ನಲ್ಲಿ ಇಲ್ಲಿನ ಸಂಸತ್ತಿನ ಕೆಳಮನೆಯಲ್ಲಿ ಪಾಸಾಯಿತು, ಮೇಲ್ಮನೆ ಸೆನೆಟ್‌ನಲ್ಲಿ ಅಲ್ಲೇ ನಿಂತಿತು. ಓಟು ಕೇಳಲು ಬರುವಾಗ ಎರಡೂ ಪಕ್ಷದವರು ಗನ್ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಾರೆ. ರಸ್ತೆ ಪಕ್ಕದಲ್ಲಿ ನಿಂತವನ ಬಗ್ಗೆ ಒಂದು ಮಾತಿಲ್ಲ.

ಕೊನೆಗೆ ಇನ್ನೊಂದು ಗಾಡಿ ಬಂತು, ವಯಸ್ಸಾದ ಮೇಲಧಿಕಾರಿ ಇಳಿದ. ನನ್ನ ಪ್ರಿಂಟ್ ಓದಿದ, ಪೆಟ್ಟಿಗೆ ನೋಡಿದ, ಬೇಡಿ ಬಿಚ್ಚಿಸಿದ. ಹೋಗಬಹುದು ಅಂದ. ಅಷ್ಟೇ. ಕ್ಷಮಿಸಿ ಅಂತ ಒಂದು ಮಾತಿಲ್ಲ, ಅಮ್ಮನ ಕಡೆ ತಿರುಗಿಯೂ ನೋಡಲಿಲ್ಲ. ಏನಾಯಿತು ಅಂತ ಒಂದು ಕಾಗದ ಕೊಡಿ ಅಂದೆ. ಬಂಧನ ಆಗಿಲ್ಲ, ಕಾಗದ ಯಾಕೆ ಅಂದ. ಬ್ರೇಕ್ ಲೈಟಿಗೂ ಚೀಟಿ ಕೊಡಲಿಲ್ಲ. ನನ್ನ ಹತ್ತಿರ ಇವತ್ತು ಒಂದು ಪುರಾವೆ ಇಲ್ಲ. ಮಣಿಕಟ್ಟಿನ ಮೇಲೆ ಗುರುತು ಇದೆ, ಅದು ನಾಳೆ ಹೋಗುತ್ತೆ.

ನಾವು ತಲುಪುವ ಹೊತ್ತಿಗೆ ಹೋಮ ಮುಗಿದಿತ್ತು. ಅಮ್ಮ ಊಟ ಮಾಡಲಿಲ್ಲ. ಅವಳ ಅಪ್ಪನ ಕಾಲದಲ್ಲಿ ಮನೆಯಲ್ಲಿ ಕೋವಿ ಇತ್ತು, ತೋಟಕ್ಕೆ ಬರುವ ಹಂದಿ, ಮಂಗ ಓಡಿಸಲು. ಎಲೆಕ್ಷನ್ ಬಂದರೆ ಠಾಣೆಗೆ ಕೊಟ್ಟು ರಶೀದಿ ತರುವುದು, ಮುಗಿದ ಮೇಲೆ ವಾಪಸ್ ತರುವುದು. ಲೈಸೆನ್ಸ್ ಇದ್ದರೆ ಪೊಲೀಸರು ಏನೂ ಮಾಡುವುದಿಲ್ಲ ಅಂತಲೇ ಅವಳು ಬೆಳೆದಿದ್ದು. ಹಾಗಾಗಿ ನನ್ನ ಮಾತು ನಂಬುತ್ತಿಲ್ಲ. "ಲೈಸೆನ್ಸ್ ಇದ್ರೆ ಎಂತಕ್ಕೆ ಬೇಡಿ ಹಾಕ್ತಾರೆ? ಎಂತೋ ಮುಚ್ಚಿಡ್ತಾ ಇದ್ದೀಯ" ಅಂತಾಳೆ. ಊರಿನಲ್ಲಿ ಚಿಕ್ಕಮ್ಮನಿಗೆ ಫೋನ್ ಮಾಡಿ ಅತ್ತಿದ್ದಾಳೆ. ಈಗ ಇಡೀ ಕೊಪ್ಪಕ್ಕೆ ಗೊತ್ತು, ಅಮೆರಿಕದಲ್ಲಿ ನನ್ನನ್ನು ಪೊಲೀಸರು ಹಿಡಿದರು ಅಂತ. ಬಿಟ್ಟರು ಅನ್ನುವುದನ್ನು ಯಾರು ಕೇಳುತ್ತಾರೆ?

ನಾಳೆ ಬೆಳಿಗ್ಗೆ ವಾಪಸ್ ಹೊರಡಬೇಕು. ಮ್ಯಾಪ್ ತೆಗೆದು ನೋಡಿದೆ. ಹೈವೇ 81 ಹಿಡಿದರೂ ಮೇರಿಲ್ಯಾಂಡ್ ತಪ್ಪುವುದಿಲ್ಲ, ಅಲ್ಲೂ 12 ಮೈಲಿ ಇದೆ. ಪೂರ್ತಿ ತಪ್ಪಿಸಬೇಕಾದರೆ ವೆಸ್ಟ್ ವರ್ಜೀನಿಯಾದ ಮಾರ್ಗನ್‌ಟೌನ್ ಸುತ್ತಿ ಪೆನ್ಸಿಲ್ವೇನಿಯಾದ ಆ ತುದಿಗೆ ಹೋಗಿ, ಅಲ್ಲಿಂದ ಮತ್ತೆ ಈ ತುದಿಗೆ ಬರಬೇಕು. ಅಮ್ಮನ ಮಂಡಿಗೆ ಅಷ್ಟು ಹೊತ್ತು ಕೂರುವುದಕ್ಕೆ ಆಗುವುದಿಲ್ಲ. ಹೆಂಡತಿ, "ರೀ, ಗನ್ ಇಲ್ಲೇ ಬಿಟ್ಟು ಹೋಗೋಣ" ಅಂತಾಳೆ. ಭಾಮೈದನ ಮನೆಯಲ್ಲಿ ಪುಟ್ಟ ಮಕ್ಕಳಿದ್ದಾರೆ, ಬೀಗದ ಕಪಾಟಿಲ್ಲ. ನಾನು ಬಿಡುವುದಿಲ್ಲ.

ಇಲ್ಲಿ ವಕೀಲರು ಯಾರಾದರೂ ಇದ್ದರೆ, ಈ ಕಡೆ ಪೊಲೀಸ್ ಕೆಲಸ ಮಾಡಿದವರು ಯಾರಾದರೂ ಇದ್ದರೆ, ದಯವಿಟ್ಟು ಇವತ್ತು ರಾತ್ರಿಯೊಳಗೆ ಹೇಳಿ. ಕಾನೂನು ನಿನ್ನ ಕಡೆ ಇದೆ ಅಂತ ಮಾತ್ರ ಹೇಳಬೇಡಿ, ಅದು ನಂಗೂ ಗೊತ್ತು. ನಾಳೆ ಆ ರಸ್ತೆಯಲ್ಲಿ ಮತ್ತೊಬ್ಬ ನಿಲ್ಲಿಸಿ, ಗಾಡಿಯಲ್ಲಿ ಏನಾದರೂ ಇದೆಯಾ ಅಂತ ಕೇಳಿದರೆ, ಹಿಂದೆ ಅಮ್ಮ ಕೂತಿರುವಾಗ, ನಾನು ಏನು ಹೇಳಲಿ?