ಮಹಿಷಾಸುರನಿಗೆ ದಾರಿ ಬಿಡಿ

ಕರಾವಳಿಯಲ್ಲಿ ಯಾರ ಮನೆಯಲ್ಲಾದರೂ ಹರಕೆಯ ಯಕ್ಷಗಾನ ಆಟ ಇದೆ ಅಂದರೆ ಜನ ಮೊದಲು ಕೇಳುವುದು, "ಯಾವ ಮೇಳ? ಯಾವ ಪ್ರಸಂಗ?" ಆಡಿಸುವವರಿಗೆ ಈ ತಂಡ, ಕತೆ ಎರಡೂ ತಲೆನೋವೇ ಅಲ್ಲ. ಮೇಳ ಎಂದೋ ನಿಕ್ಕಿಯಾಗಿರುತ್ತದೆ. ಕಟೀಲು ದೇವಸ್ಥಾನದಂಥ ಮೇಳವಾದರೆ ಹರಕೆ ಹೊತ್ತವರು ಸರದಿಗಾಗಿ ವರ್ಷಗಟ್ಟಲೆ ಕಾದಿರುತ್ತಾರೆ. ಆಟದ ದಿನ ಮೇಳದವರ ಲಾರಿ ಬರುತ್ತದೆ. ರಂಗಸ್ಥಳ, ವೇಷದ ಪೆಟ್ಟಿಗೆ ಎಲ್ಲ ಅದರಲ್ಲೇ. ಅವರ ಕೆಲಸ ಅವರಿಗೆ ಗೊತ್ತು. ನಾವು ಕೊಡಬೇಕಾದ್ದು ಒಂದಿಷ್ಟು ಸಮತಟ್ಟು ನೆಲ. ಆ ನೆಲದಲ್ಲೇ ಇರುವುದು ಎಲ್ಲ ಕಸರತ್ತು.

ಮೇಳಗಳ ತಿರುಗಾಟ ನವೆಂಬರಿನ ಸುಮಾರಿಗೆ ಶುರುವಾಗಿ ಮೇ ಕೊನೆಯಲ್ಲಿ ಬರುವ ತುಳುವರ ಪತ್ತನಾಜೆ ದಿನಕ್ಕೆ ಮುಗಿಯುತ್ತದೆ. ಕೊಯ್ಲಾದ ಗದ್ದೆ ಸಿಗುವ ಕಾಲವೇ. ಆದರೆ ಈಗ ಗದ್ದೆ ಎಲ್ಲಿದೆ? ಅರ್ಧಕ್ಕರ್ಧ ಅಡಿಕೆ ತೋಟವಾಗಿದೆ. ನಮ್ಮದೇ ಗದ್ದೆ ಇದ್ದರೂ ವಾಹನ ನಿಲ್ಲಿಸಲು ಪಕ್ಕದವರದ್ದು ಬೇಕು. ಅವರು ಅಲ್ಲಿ ಉದ್ದು ಬಿತ್ತಿಬಿಟ್ಟರೆ ಮುಗಿಯಿತು. ಹಾಗಾಗಿ ಆಮಂತ್ರಣ ಅಚ್ಚಾಗುವ ಮೊದಲೇ ಅವರ ಜಗಲಿಯಲ್ಲಿ ಕೂತು, ಮಳೆ, ಅಡಿಕೆ ರೇಟು ಎಲ್ಲ ಮಾತಾಡಿ, ಏಳುವ ಹೊತ್ತಿಗೆ ಹೇಳಬೇಕು: "ಅಣ್ಣಾ, ಈ ಸಲ ಆ ಗದ್ದೆ ಹಾಗೇ ಬಿಟ್ಟಿರಿ ಆಯ್ತಾ?"

ಚೌಕಿ, ಅಂದರೆ ವೇಷ ಕಟ್ಟುವ ಜಾಗ, ರಂಗಸ್ಥಳಕ್ಕೆ ಹತ್ತಿರವಿರಬೇಕು. ನಡುವೆ ಕೂಳೆ, ಕಲ್ಲು, ಬದು ಇರಬಾರದು. ಅಷ್ಟು ಭಾರದ ಕಿರೀಟ, ಎದೆಪದಕ ಹೊತ್ತು ನಡೆಯುವವರಿಗೆ ಕಾಲಡಿ ಕಾಣುವುದಿಲ್ಲ. ಆ ದಾರಿಗೆ ಒಂದು ಲೈಟು ಹಾಕಿ ಅಂತ ಎಲ್ಲರೂ ಹೇಳುತ್ತಾರೆ. ಹಾಕುವವರು ಮಾತ್ರ ಕಮ್ಮಿ.

ಪ್ರಸಂಗ 'ದೇವಿ ಮಹಾತ್ಮೆ'ಯಾದರೆ ಕೆಲಸ ಜಾಸ್ತಿ. ಮಹಿಷಾಸುರ ಎಲ್ಲರ ಹಾಗೆ ಚೌಕಿಯಿಂದ ನೇರ ರಂಗಸ್ಥಳಕ್ಕೆ ಬರುವವನಲ್ಲ. ಸುತ್ತು ಹಾಕಿ ಸಭೆಯ ಹಿಂದಿನಿಂದ, ಜನರ ನಡುವೆಯೇ ನುಗ್ಗುತ್ತಾನೆ. ಮುಂದೆ ದೀವಟಿಗೆ. ಅದಕ್ಕೆ ರಾಳದ ಪುಡಿ ಎರಚಿದಾಗೆಲ್ಲ ಬೆಂಕಿ ಭಗ್ಗೆಂದು ಮೇಲೇಳುತ್ತದೆ. ಕೊಂಬು ಅಲ್ಲಾಡಿಸುತ್ತಾ, ಆರ್ಭಟ ಕೊಡುತ್ತಾ ಅವನು ಹತ್ತಿರ ಬಂದರೆ ಮಕ್ಕಳು ಅಮ್ಮನ ಮಡಿಲು ಹತ್ತುತ್ತವೆ. ಅಷ್ಟು ಹೊತ್ತು ಮೊಬೈಲು ನೋಡುತ್ತಿದ್ದವರೂ ಎದ್ದು ನಿಲ್ಲುತ್ತಾರೆ.

ಅವನಿಗೆ ದಾರಿ ಬೇಡವಾ? ಸಂಜೆ ಕುರ್ಚಿ ಹಾಕುವಾಗ ನಡುವೆ ಅಗಲ ದಾರಿ ಬಿಟ್ಟಿರುತ್ತೇವೆ. ತಡವಾಗಿ ಬಂದವರು ಹಿಂದಿನ ಸಾಲಿನ ಕುರ್ಚಿ ಎತ್ತಿಕೊಂಡು ಬಂದು ಅದೇ ದಾರಿಯಲ್ಲಿ ಹಾಕಿ ಕೂರುತ್ತಾರೆ. ಒಬ್ಬರು ಕೂತರೆ ಸಾಕು, ಒಂದು ಗಂಟೆಯಲ್ಲಿ ದಾರಿಯೇ ಮಾಯ. ಹಗ್ಗ ಕಟ್ಟಿದರೆ ದಾಟಿ ಬರುತ್ತಾರೆ. ಅಲ್ಲಿಗೆ ಮುಲಾಜಿಲ್ಲದ ಒಬ್ಬ ಮನುಷ್ಯನೇ ಬೇಕು. ಊರಿನ ಯಾರ ಸಾಲವನ್ನೂ ತೀರಿಸಬೇಕಾಗಿಲ್ಲದವನಾದರೆ ಉತ್ತಮ. ದಾರಿಯ ಮೇಲೆ ತೋರಣ, ವಯರು ತಗ್ಗಾಗಿ ಹೋಗಬಾರದು, ಕೊಂಬಿಗೆ ಸಿಕ್ಕುತ್ತದೆ. ಶಾಮಿಯಾನವಂತೂ ಅಲ್ಲಿ ಬೇಡವೇ ಬೇಡ. ಬೈಹುಲ್ಲಿನ ರಾಶಿ ಹತ್ತಿರವಿದ್ದರೆ ಹಿಂದಿನ ದಿನವೇ ಎತ್ತಿಸಿಬಿಡಿ.

ಇಡೀ ಗದ್ದೆಗೆ ಶಾಮಿಯಾನ ಹಾಕಿಸುವವರನ್ನು ಕಂಡರೆ ನನಗೆ ಅರ್ಥವಾಗುವುದಿಲ್ಲ. ಬಯಲಾಟಕ್ಕೆ ಬಯಲು ಬೇಡವಾ? ಇಬ್ಬನಿಗೆ ಮಂಡೆಗೊಂದು ಬೈರಾಸು, ಅಂದರೆ ಟವೆಲು, ಸುತ್ತಿಕೊಂಡರಾಯಿತು. ಮಳೆ ಬಂದರೆ ಶಾಮಿಯಾನವೂ ಸೋರುತ್ತದೆ. ಮೇ ತಿಂಗಳ ಆಟಕ್ಕಾದರೆ ಹತ್ತಿರದ ಸಭಾಭವನವನ್ನು ಮೊದಲೇ ಕೇಳಿಟ್ಟುಕೊಳ್ಳುವುದು ಜಾಣತನ.

ಇನ್ನು ಹೊತ್ತು. ಧ್ವನಿವರ್ಧಕಕ್ಕೆ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ನಿರ್ಬಂಧ ಹಾಕಿದ್ದು 2000ದ ಶಬ್ದಮಾಲಿನ್ಯ ನಿಯಮ. ಅದು ಬಿಗಿಯಾದ ಮೇಲೆ ಕಟೀಲು ಮೇಳದವರೂ 2022ರಲ್ಲಿ ಕಾಲಮಿತಿಗೆ ಬಂದಿದ್ದರು. ಕಾಲಮಿತಿಯ ಆಟವಾದರೆ, ಬೆಳಗಿನವರೆಗೂ ಹಿಗ್ಗುವ ಕತೆಗೆ ಕೆಲವೇ ಗಂಟೆ. ಅದರಲ್ಲೂ ನಡುವೆ ಒಂದು ಸಭಾ ಕಾರ್ಯಕ್ರಮ! ಸ್ವಾಗತ, ಪ್ರಾಸ್ತಾವಿಕ, ಶಾಲು, ಹಣ್ಣಿನ ಬುಟ್ಟಿ, ಗಣ್ಯರ "ಎರಡೇ ಮಾತು". ಅತ್ತ ಚೌಕಿಯಲ್ಲಿ ಬಣ್ಣ ಹಚ್ಚಿ ಕೂತವರು ಬೆವರುತ್ತಾರೆ. ಸನ್ಮಾನ ಮಾಡಲೇಬೇಕೆಂದರೆ ಊಟದ ಹೊತ್ತಿಗೆ ಮುಂಚೆ, ಮೈಕಿಲ್ಲದೆ ಮಾಡಿ ಮಾರಾಯ್ರೆ.

ಊಟಕ್ಕೆ ಎಷ್ಟು ಜನ ಅಂತ ಲೆಕ್ಕ ಸಿಗುವುದೇ ಇಲ್ಲ. ಆಟಕ್ಕೆ ಕರೆಯದೆಯೂ ಬರಬಹುದು, ಅದೇ ಅದರ ಚೆಂದ. ಅನುಭವಿ ಅಡಿಗೆಯವರು ಸಾಂಬಾರು ಒಮ್ಮೆಗೇ ಧಾರಾಳ ಮಾಡಿಟ್ಟು, ಅನ್ನವನ್ನು ಮಾತ್ರ ಜನ ನೋಡಿ ನೋಡಿ ಇಡುತ್ತಾರೆ. ಕೊನೆಯ ಪಂಕ್ತಿ ಏಳುವವರೆಗೂ ಒಂದು ಒಲೆ ಆರಿಸುವುದಿಲ್ಲ.

ಮರುದಿನ ಕುರ್ಚಿಯವನು ಎಣಿಸುವಾಗ ನಾಲ್ಕೈದು ಕಮ್ಮಿ ಬಂದೇ ಬರುತ್ತವೆ. ಹುಡುಕಿದರೆ ತೋಟದ ಮೂಲೆಯಲ್ಲೋ, ಚರುಮುರಿ ಗಾಡಿ ನಿಂತಿದ್ದ ಜಾಗದಲ್ಲೋ ಸಿಗುತ್ತವೆ. ಅದಕ್ಕಿಂತ ಮೊದಲು ಹಾರೆ ಹಿಡಿದು ಪಕ್ಕದವರ ಗದ್ದೆಗೆ ಹೋಗಬೇಕು. ಕಾರು ಹತ್ತಿ ಕುಸಿದ ಬದುವನ್ನು ಅವರು ನೋಡುವುದರೊಳಗೆ ಕಟ್ಟಿ ಮುಗಿಸಬೇಕು.